ಡೆವಿಲ್ ಮೇ ಕ್ರೈ 5 ಮಜಾ ಕೊಡ್ತಿಲ್ಲ ಅಂದ್ರೆ

ಡೆವಿಲ್ ಮೇ ಕ್ರೈ 5 ಅನ್ನೋ ಆಕ್ಷನ್ ವಿಡಿಯೋ ಗೇಮ್ ಬೋರ್ ಆಗ್ತಿದೆ, ಹಳೇ ಪಾರ್ಟ್‌ಗಳು ಆಡಿಲ್ಲ ಅಂತಾನಾ ಅಂತ ಕೇಳಿದ್ರಲ್ಲ. ಅದಕ್ಕಲ್ಲ ಇದು, ಒಂದೇ ಬಟನ್ ಕುಟ್ತಾ ಇರೋದ್ರಿಂದ ಅನ್ಸುತ್ತೆ. ಎಷ್ಟು ಸ್ಟೈಲಾಗಿ ಹೊಡೀತೀರ ಅಂತ ಗೇಮ್ ಕೊಡೋ ರ್ಯಾಂಕ್ ಕೆಳಗಿನ ಡಿ, ಸಿ ಬಿಟ್ಟು ಮೇಲೇಳ್ತಾನೇ ಇಲ್ಲ ಅಂದ್ರಲ್ಲ, ಅದಕ್ಕೇ ಹೇಳ್ತಿರೋದು. ಒಂದೇ ಏಟು ರಿಪೀಟ್ ಮಾಡಿದಷ್ಟೂ ಸ್ಟೈಲ್ ಪಾಯಿಂಟ್ ಕಮ್ಮಿ ಬರುತ್ತೆ, ಏಟು ತಿಂದ್ರೆ ಇರೋ ರ್ಯಾಂಕೂ ಇಳಿಯುತ್ತೆ.

ಮೊದ್ಲು ಮೇನ್ ಮೆನುನಲ್ಲಿ ಹಳೇ ಪಾರ್ಟ್‌ಗಳ ಕಥೆ ಹೇಳೋ ಹಿಸ್ಟರಿ ಆಫ್ ಡಿಎಂಸಿ (ಡೆವಿಲ್ ಮೇ ಕ್ರೈ) ವಿಡಿಯೋ ನೋಡ್ಬಿಡಿ, ಕಥೆಗೆ ಅಷ್ಟು ಸಾಕು. ಆಮೇಲೆ ಆಟೋ ಅಸಿಸ್ಟ್ (ಸುಮ್ನೆ ಬಟನ್ ಒತ್ತಿದ್ರೂ ಗೇಮೇ ಕಾಂಬೋ ಹೊಡೆಯೋ ಸೆಟ್ಟಿಂಗ್) ಆನ್ ಇದ್ರೆ ಆಫ್ ಮಾಡಿ, ದಿ ವಾಯ್ಡ್ ಅನ್ನೋ ಪ್ರಾಕ್ಟೀಸ್ ಮೋಡ್‌ಗೆ ಹೋಗಿ ಮೊದಲು ಸಿಗೋ ಹೀರೋ ನೀರೋ ಜೊತೆ ಇದೊಂದೇ ಕಲೀರಿ: ಶತ್ರು ಮೇಲೆ ಲಾಕ್ ಆನ್ ಮಾಡಿ ಸ್ಟಿಕ್ ಹಿಂದಕ್ಕೆಳೆದು ಕತ್ತಿ ಬೀಸಿದ್ರೆ ಶತ್ರು ಮೇಲಕ್ಕೆ ಹಾರ್ತಾನೆ, ನೀವೂ ಜಂಪ್ ಮಾಡಿ ಗಾಳೀಲೇ ಹೊಡೀರಿ, ದೂರ ಹೋದ್ರೆ ವೈರ್ ಸ್ನ್ಯಾಚ್‌ನಿಂದ, ಅಂದ್ರೆ ಅವನ ಕೈಯಿಂದ ಬಿಡೋ ತಂತಿಯಿಂದ, ಎಳ್ಕೊಳ್ಳಿ. ಅದು ಕೈಗೆ ಕೂತ್ಮೇಲೆ ಎಕ್ಸೀಡ್, ಅಂದ್ರೆ ಏಟು ಬೀಳೋ ಕ್ಷಣಕ್ಕೆ ಸರಿಯಾಗಿ ಕತ್ತೀನ ಬೈಕ್ ಆಕ್ಸಿಲರೇಟರ್ ಥರ ರೈಸ್ ಮಾಡೋದು, ಮುಂದಿನ ಏಟು ಬೆಂಕಿ ಸಮೇತ ಬರುತ್ತೆ, ನನ್ ಪ್ರಕಾರ ಇಡೀ ಗೇಮ್‌ನ ಮಜಾ ಇರೋದೇ ಇಲ್ಲಿ. ಟೈಮಿಂಗ್ ತಪ್ತಾನೇ ಇರುತ್ತೆ, ತಲೆ ಕೆಡಿಸ್ಕೋಬೇಡಿ.

ವಿ ಅನ್ನೋ ಎರಡನೇ ಹೀರೋ ಬಂದಾಗ ದೂರ ನಿಂತು ಅವನ ಪ್ರಾಣಿಗಳ ಕೈಲಿ ಹೊಡೆಸಿ, ಕೊನೇ ಏಟು ಮಾತ್ರ ಕೋಲಿಂದ ನೀವೇ ಕೊಡ್ಬೇಕು. ಇವನ ಮಿಷನ್‌ಗಳು ಕೆಲವ್ರಿಗೆ ಹಿಡಿಸಲ್ಲ, ನಿಮಗೂ ಹಾಗೇ ಆಗ್ಬಹುದು.

10ನೇ ಮಿಷನ್‌ನಲ್ಲಿ ಮೂರನೇ ಹೀರೋ ಡಾಂಟೆ ಸಿಗ್ತಾನೆ, ಅವನಿಗೆ ಫೈಟ್ ಮಾಡೋ ನಾಲ್ಕು ಸ್ಟೈಲ್ ಒಟ್ಟಿಗೇ ಇರುತ್ತೆ, ಸದ್ಯಕ್ಕೆ ಟ್ರಿಕ್‌ಸ್ಟರ್ (ತಪ್ಪಿಸ್ಕೊಳ್ಳೋಕೆ), ಸ್ವೋರ್ಡ್‌ಮಾಸ್ಟರ್ (ಕತ್ತಿ ಏಟುಗಳಿಗೆ) ಎರಡನ್ನೇ ಬಳಸಿ. ಅಲ್ಲೀವರೆಗಾದ್ರೂ ಆಡಿ ಆಮೇಲೆ ಬಿಡೋದಾದ್ರೆ ಬಿಡಿ.