ಸೂರ್ಯನನ್ನೇ ಕರಗಿಸಿದರೂ ಸಾಲದಷ್ಟು ಶಕ್ತಿ: ಗಾಮಾ ಕಿರಣ ಸ್ಫೋಟದ ಲೆಕ್ಕ ಸರಿಯೇ?

ಜಿಆರ್‌ಬಿ 221009ಎ ಎಂಬ ಗಾಮಾ ಕಿರಣ ಸ್ಫೋಟದ (ದೂರದ ಬಾಹ್ಯಾಕಾಶದಿಂದ ಬರುವ ಗಾಮಾ ಕಿರಣಗಳ ಕ್ಷಣಿಕ ಹೊಳಪು) ಶಕ್ತಿ 10⁵⁵ ಅರ್ಗ್ (ಶಕ್ತಿಯ ಒಂದು ಸಣ್ಣ ಮಾನ) ಎನ್ನುತ್ತಾರೆ, ಸೂರ್ಯನ ದ್ರವ್ಯರಾಶಿ ಪೂರ್ತಿ ಶಕ್ತಿಯಾದರೂ 1.8×10⁵⁴ ಅಷ್ಟೇ, ಇದನ್ನು ನಂಬುವುದು ಹೇಗೆ ಎಂದು ಕೇಳಿದ್ದೀರಿ. ಗುಣಾಕಾರ ಸರಿಯಾಗಿಯೇ ಇದೆ. ಆದರೆ ಬೆಳಕು ಎಲ್ಲ ದಿಕ್ಕಿಗೂ ಒಂದೇ ಸಮ ಹೋಯಿತೆಂದು ಇಟ್ಟುಕೊಂಡಾಗ ಬರುವ ಸಂಖ್ಯೆ ಅದು. ನಿಜದಲ್ಲಿ ಅದು ಹೊರಡುವುದು ಎದುರುಬದುರಾದ ಎರಡು ಕಿರಿದಾದ ಧಾರೆಗಳಲ್ಲಿ, ಅಂದರೆ ಜೆಟ್‌ಗಳಲ್ಲಿ.

ನೀವೇ ಮಾಡಿ ನೋಡಿ. ಭೂಮಿಯ ಬಳಿ ಪ್ರತಿ ಚದರ ಸೆಂ.ಮೀ.ಗೆ ಬಿದ್ದ ಶಕ್ತಿ (ಫ್ಲೂಯೆನ್ಸ್) ಸುಮಾರು 0.2 ಅರ್ಗ್. ರೆಡ್‌ಶಿಫ್ಟ್ (ವಿಶ್ವ ಹಿಗ್ಗಿದ್ದರಿಂದ ಬೆಳಕಿನ ತರಂಗ ಎಷ್ಟು ಉದ್ದವಾಯಿತು ಎಂಬ ಅಳತೆ) 0.151, ಅಂದರೆ ಪ್ರಕಾಶ ದೂರ (ಹೊಳಪು ಎಷ್ಟು ಕುಂದಿತು ಎಂಬುದಕ್ಕೆ ತಕ್ಕ ದೂರ) ಸುಮಾರು 2.3×10²⁷ ಸೆಂ.ಮೀ. 4 × ಪೈ × ದೂರದ ವರ್ಗ × ಫ್ಲೂಯೆನ್ಸ್, ಅದನ್ನು 1.151ರಿಂದ (1 + ರೆಡ್‌ಶಿಫ್ಟ್) ಭಾಗಿಸಿ: 10⁵⁵ ದಾಟುತ್ತದೆ. ಈ ಭಾಗಾಕಾರ ಮರೆತರೆ ರೆಡ್‌ಶಿಫ್ಟ್ 2ರ ಸ್ಫೋಟಕ್ಕೆ ಉತ್ತರ ಮೂರು ಪಟ್ಟು ಹಿಗ್ಗುತ್ತದೆ. ಸ್ವಿಫ್ಟ್ ಉಪಗ್ರಹದ ಬ್ಯಾಟ್ ಉಪಕರಣ ನೋಡುವುದು 15ರಿಂದ 150 ಕಿಲೋ ಎಲೆಕ್ಟ್ರಾನ್ ವೋಲ್ಟ್ ಮಾತ್ರ. ರೋಹಿತದ ಶಿಖರ (ಅತಿ ಹೆಚ್ಚು ಶಕ್ತಿ ಹೊರಬರುವ ಜಾಗ) ಅದರಾಚೆ ಇದ್ದರೆ, ಇನ್ನೂ ಮೇಲಿನವರೆಗೆ ನೋಡುವ ಫರ್ಮಿ ಉಪಗ್ರಹದ ಅಥವಾ ಕೋನಸ್ ಉಪಕರಣದ ದತ್ತಾಂಶ ಬೇಕೇ ಬೇಕು. ಈ ಸ್ಫೋಟದಲ್ಲಂತೂ ಫರ್ಮಿಯ ಡಿಟೆಕ್ಟರುಗಳೇ ಅಳತೆಯ ಮಿತಿ ಮೀರಿ ತುಂಬಿ ತುಳುಕಿದ್ದವು.

ನಿಜವಾದ ಶಕ್ತಿ ತಿಳಿಯಲು ಜೆಟ್ ಎಷ್ಟು ಅಗಲ ಎಂದು ಗೊತ್ತಾಗಬೇಕು; ಕಷ್ಟವಿರುವುದು ಆ ಕೋನದಲ್ಲಿ. ಸ್ಫೋಟದ ನಂತರದ ಹೊಳಪು ಮೊದಲು ನಿಧಾನವಾಗಿ, ಜೆಟ್‌ನ ಅಂಚು ಕಾಣತೊಡಗಿದ ಮೇಲೆ ಕಡಿದಾಗಿ ಇಳಿಯುತ್ತದೆ. ಆ ತಿರುವಿನ ಸಮಯದ 3/8ನೇ ಘಾತಕ್ಕೆ ತಕ್ಕಂತೆ ಕೋನ ಸಿಗುತ್ತದೆ. ಎಕ್ಸ್‌-ರೇ, ದೃಗ್ಗೋಚರ ಬೆಳಕು ಎರಡರಲ್ಲೂ ಒಂದೇ ಹೊತ್ತಿಗೆ ತಿರುವು ಕಾಣದಿದ್ದರೆ ನಾನು ಅದನ್ನು ಜೆಟ್ ತಿರುವು ಎಂದು ಒಪ್ಪುವುದಿಲ್ಲ. ನಮ್ಮ ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ ನಡೆಸುವ, ಲಡಾಖ್‌ನ ಹಾನ್ಲೆಯ 2 ಮೀಟರ್ ದೂರದರ್ಶಕದಂಥವು ಇಲ್ಲಿ ಬಹಳ ಉಪಯುಕ್ತ. ಒಂದು ರಾತ್ರಿಯ ಅಳತೆ ಸಾಲದು, ತಿರುವಿನ ಎರಡೂ ಕಡೆ ಬಿಂದುಗಳು ಬೇಕು.

ಚೀನಾದ ಲಾಸೊ ವೀಕ್ಷಣಾಲಯ ಈ ಸ್ಫೋಟದ ಅತ್ಯುನ್ನತ ಶಕ್ತಿಯ ಕಿರಣಗಳಲ್ಲಿ ಕಂಡ ತಿರುವಿನಿಂದ ಅರ್ಧಕೋನ ಸುಮಾರು 0.8 ಡಿಗ್ರಿ ಎಂದು ಅಂದಾಜಿಸಿತು. ರೇಡಿಯನ್‌ನಲ್ಲಿ 0.014. ವರ್ಗ ಮಾಡಿ ಎರಡರಿಂದ ಭಾಗಿಸಿದರೆ ಸುಮಾರು 10⁻⁴, ಅಂದರೆ ಇಡೀ ಗೋಳದಲ್ಲಿ ಜೆಟ್‌ಗಳ ಪಾಲು; ಅದರಿಂದ ಗುಣಿಸಿದರೆ ಶಕ್ತಿ 10⁵¹ ಅರ್ಗ್‌ಗೆ ಇಳಿಯಿತು. ಎದುರುಬದುರಿನ ಎರಡೂ ಜೆಟ್‌ಗಳು ಇದರಲ್ಲೇ ಸೇರಿವೆ, ಮತ್ತೆ ಎರಡರಿಂದ ಗುಣಿಸಬೇಡಿ.

ಆದರೂ ಇದನ್ನು ಕೆಳಮಿತಿ ಎಂದೇ ಓದಿ. ಈ ಸ್ಫೋಟದ ನಂತರದ ಎಕ್ಸ್‌-ರೇ ಹೊಳಪು ನಿರೀಕ್ಷಿಸಿದಷ್ಟು ಕಡಿದಾಗಿ ಇಳಿಯಲಿಲ್ಲ. ಕಿರಿದಾದ ತಿರುಳಿನ ಸುತ್ತ ಅಗಲವಾದ ಹೊರಪದರವೂ ಶಕ್ತಿ ಹೊತ್ತಿರಬೇಕು. ಇನ್ನು ಕೋನದ ಲೆಕ್ಕಕ್ಕೆ ಬೇಕಾದ ಸುತ್ತಲ ಅನಿಲದ ಸಾಂದ್ರತೆಯನ್ನು ಹತ್ತು ಪಟ್ಟು ತಪ್ಪಾಗಿ ಊಹಿಸಿದರೂ ಶಕ್ತಿ ಬದಲಾಗುವುದು 1.8 ಪಟ್ಟು ಮಾತ್ರ, ಅದಕ್ಕೆ ಹೆದರಬೇಕಿಲ್ಲ. ಗಾಮಾ ಕಿರಣವಾಗದೆ ಉಳಿದ ಚಲನಶಕ್ತಿಯನ್ನು ಹಿಡಿಯಲು, ಆಘಾತ ತರಂಗ ನಿಧಾನವಾಗಿ ಗೋಳಾಕಾರಕ್ಕೆ ಬರುವವರೆಗೆ ತಿಂಗಳುಗಟ್ಟಲೆ ರೇಡಿಯೋದಲ್ಲಿ ಹಿಂಬಾಲಿಸಬೇಕು. ಆಗ ಜೆಟ್‌ನ ಕೋನದ ಪ್ರಶ್ನೆಯೇ ಬರುವುದಿಲ್ಲ. ಜಿಆರ್‌ಬಿ 970508 ಎಂಬ ಇನ್ನೊಂದು ಸ್ಫೋಟಕ್ಕೆ ಹೀಗೆ ಸಿಕ್ಕಿದ್ದು ಸುಮಾರು 5×10⁵⁰ ಅರ್ಗ್.