ಮೊದಲು ಯಂತ್ರ ಆರಿಸಬೇಡಿ, ಪುರದ ಕತೆ ಕೇಳಿ

ಡೀಸೆಲ್, ಸಿಲಿಂಡರ್ ಖರ್ಚು ತಗ್ಗಿಸೋಕೆ ಊರಿನ ಕೆಲವು ಮನೆಯವರು ಸೇರಿದ್ದೀರಿ, ಸೋಲಾರ್ ಹಾಕಿಸೋದಾ ಗೋಬರ್ ಗ್ಯಾಸಾ ಅಂತ ಕೇಳಿದ್ದೀರಿ. ನಾನು ತುಮಕೂರು ಕಡೆಯವನು. ಆದ್ದರಿಂದ ನನಗೆ ಮೊದಲು ನೆನಪಾಗೋದು ಕುಣಿಗಲ್ ತಾಲ್ಲೂಕಿನ ಪುರ ಅನ್ನೋ ಸಣ್ಣ ಹಳ್ಳಿ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಹಳ್ಳಿಗೆ ಹೊಂದೋ ತಂತ್ರಜ್ಞಾನ ಹುಡುಕೋಕೆ 'ಅಸ್ತ್ರ' ಅನ್ನೋ ಕೇಂದ್ರ ಶುರು ಮಾಡಿದರು. ಕಡಿಮೆ ಸೌದೆ ಸಾಕಾಗೋ ಅಸ್ತ್ರ ಒಲೆ ಗೊತ್ತಲ್ವಾ, ಅದೇ ಅಸ್ತ್ರ. ಅವರು ಪುರದಲ್ಲಿ ಇಡೀ ಊರಿಗೆ ಸೇರಿದ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ, ಮನೆಮನೆಗೆ ಅಡುಗೆ ಗ್ಯಾಸ್ ಕೊಡೋಕೆ ಹೊರಟರು. ಆಗಲಿಲ್ಲ. ಎರಡು ಹೊತ್ತಿನ ಅಡುಗೆಗೂ ಗ್ಯಾಸ್ ಸಾಲಲಿಲ್ಲ. ಸೌದೆ ಹೇಗೂ ಬಿಟ್ಟಿ ಸಿಗ್ತಿತ್ತು, ಹಾಗಿರುವಾಗ ಅರೆಬರೆ ಗ್ಯಾಸಿಗಾಗಿ ಯಾರು ದಿನಾ ಸಗಣಿ ಹೊತ್ತು ತರ್ತಾರೆ? ಊರಿನವರಿಗೆ ಬೇಕಾಗಿದ್ದದ್ದು ನೀರು.

1987ರಲ್ಲಿ ಅದೇ ಗ್ಯಾಸನ್ನು ಡೀಸೆಲ್ ಎಂಜಿನ್ನಿಗೆ ಕೊಟ್ಟು ಕರೆಂಟು ಮಾಡಿದರು, ಅದರಿಂದ ಬೋರ್‌ವೆಲ್ ನೀರು ನಲ್ಲಿಗೆ ಬಂತು, ಮನೆಗಳಲ್ಲಿ ದೀಪ ಉರಿಯಿತು. ಡೀಸೆಲ್ ಪೂರ್ತಿ ನಿಲ್ಲೋದಿಲ್ಲ. ಗೋಬರ್ ಗ್ಯಾಸ್ ಬರೀ ಒತ್ತಡಕ್ಕೆ ಹೊತ್ತಿಕೊಳ್ಳಲ್ಲ, ಕಿಡಿಯ ಹಾಗೆ ಸ್ವಲ್ಪ ಡೀಸೆಲ್ ಬೇಕು, ಆದರೂ ಬಹುಪಾಲು ಉಳಿಯುತ್ತೆ. ಸಗಣಿ ತಂದವರಿಗೆ ಕೆಜಿಗೆ 2 ಪೈಸೆ ಕೊಡ್ತಿದ್ದರು, ಗ್ಯಾಸ್ ತೆಗೆದ ಬಗ್ಗಡವನ್ನೂ ಅವರಿಗೇ ವಾಪಸ್ ಕೊಡ್ತಿದ್ದರು. ಸಗಣಿಯ ಸಾರಜನಕ ಅದರಲ್ಲೇ ಉಳಿದಿರುತ್ತೆ, ಹಾಗಾಗಿ ಹೊಲಕ್ಕೆ ನಷ್ಟ ಇಲ್ಲ. ನೋಡಿ, ಹಳೇ ಗ್ಯಾಸು, ಹಳೇ ಸಗಣಿ. ಬದಲಾಗಿದ್ದು ಅದನ್ನು ಯಾತಕ್ಕೆ ಬಳಸಬೇಕು ಅನ್ನೋದಷ್ಟೇ. ವ್ಯವಸ್ಥೆ ವರ್ಷಗಟ್ಟಲೆ ನಡೆಯಿತು, ಆಮೇಲೆ ನಿಂತೂ ಹೋಯಿತು. ಕಟ್ಟುವಾಗ ಫೋಟೋಗೆ ನಿಲ್ಲೋರು ಜಾಸ್ತಿ, ವಾಲ್ವ್ ಕೆಟ್ಟಾಗ ಬರೋರು ಕಡಿಮೆ. ಇದು ಪುರಕ್ಕೆ ಮಾತ್ರ ಹೇಳಿದ ಮಾತಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು. ನಿಮ್ಮೂರಲ್ಲಿ ಹಾಲಿನ ಸೊಸೈಟಿ ಇದ್ದರೆ ಅಲ್ಲಿಂದ ಶುರು ಮಾಡಿ. ದಿನಕ್ಕೆ ಎರಡು ಸಲ ಜನ ಅಲ್ಲಿಗೆ ಬರ್ತಾರೆ, ತೂಕ, ಲೆಕ್ಕ, ಬಟವಾಡೆ ಎಲ್ಲ ಆಗಲೇ ರೂಢಿಯಾಗಿದೆ, ಕಾರ್ಯದರ್ಶಿಯ ಜೊತೆ ಜಗಳ ಆಡೋದೂ ರೂಢಿಯಾಗಿದೆ. ಹೊಸ ಸಂಘ ಕಟ್ಟಿ ಈ ನಂಬಿಕೆ ಬೆಳೆಸೋಕೆ ವರ್ಷಗಳು ಬೇಕು. ಹಾಲು ತಣ್ಣಗಿಡೋ ಬಲ್ಕ್ ಕೂಲರ್ ಇದ್ದರೆ ಅದಕ್ಕೊಂದು ಡೀಸೆಲ್ ಜನರೇಟರೂ ಇರುತ್ತೆ. ಕರೆಂಟು ಹೋದರೆ ಹಾಲು ಹಾಳಾಗುತ್ತೆ ಅನ್ನೋ ಭಯ ಇಡೀ ಊರಿಗಿದೆ. ಸಗಣಿ ಗ್ಯಾಸು ಮೊದಲು ಆ ಜನರೇಟರಿಗೆ ಹೋಗಲಿ. ಅಡುಗೆ ಗ್ಯಾಸ್ ಬೇಕಾದವರು, ನಾಲ್ಕೈದು ದನ ಇದ್ದರೆ, ಮನೆಯಲ್ಲೇ 2 ಘನ ಮೀಟರಿನ ಗೋಬರ್ ಗ್ಯಾಸ್ ಸ್ಥಾವರ ಹಾಕಿಸಿಕೊಳ್ಳಲಿ. ಅದಕ್ಕೆ ದಿನಾ 50 ಕೆಜಿಯಷ್ಟು ಸಗಣಿ, ಅಷ್ಟೇ ನೀರು ಬೇಕು. ಬೇಸಿಗೆಯಲ್ಲಿ ಕುಡಿಯೋ ನೀರಿಗೇ ಪರದಾಡೋ ಊರಾದರೆ ಅದನ್ನು ಬಿಟ್ಟುಬಿಡಿ.

ಸೋಲಾರ್ ಬೇಡ ಅಂತಲ್ಲ. ದೀಪ, ಮೊಬೈಲ್, ಹಗಲು ಪಂಪಿಗೆ ಅದೇ ಒಳ್ಳೇದು, ಕೆಲಸವೂ ಕಡಿಮೆ. ಆದರೆ ಅದು ಬಗ್ಗಡ ಕೊಡೋದಿಲ್ಲ ಅಲ್ವಾ. ಬಗ್ಗಡ ಹೊಲಕ್ಕೆ ಹಾಕಿದರೆ ಯೂರಿಯಾ ಗೊಬ್ಬರ ಅಷ್ಟು ಕಡಿಮೆ ಸಾಕು, ಆದರೆ ತೈಲದ ಲೆಕ್ಕದಲ್ಲಿ ಯೂರಿಯಾ ಮರೆತುಬಿಡ್ತೀವಿ. ಅದನ್ನು ಮಾಡೋದು ನೈಸರ್ಗಿಕ ಅನಿಲದಿಂದ, ಆ ಅನಿಲದಲ್ಲಿ ದೊಡ್ಡ ಪಾಲು ಹೊರದೇಶದಿಂದ ಹಡಗಿನಲ್ಲಿ ಬರುತ್ತೆ. ಇನ್ನು ಟ್ರ್ಯಾಕ್ಟರು, ಹಾಲಿನ ಲಾರಿಯ ಡೀಸೆಲ್ ಇದರಿಂದ ಒಂದು ಲೀಟರೂ ಕಡಿಮೆ ಆಗಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ.

ನಿಮ್ಮೂರಲ್ಲಿ ದನ ಎಷ್ಟಿವೆ, ಎಷ್ಟನ್ನು ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸ್ತಾರೆ, ಕೂಲರ್ ಇದೆಯಾ, ಬರೆಯಿರಿ. ಎಷ್ಟು ದೊಡ್ಡದು ಕಟ್ಟಬೇಕು ಅಂತ ಆಮೇಲೆ ಲೆಕ್ಕ ಹಾಕೋಣ.