ಬೀಗವಿಲ್ಲದ ಬಾಗಿಲಿಗೆ ಬೀಗದಕೈ

ಓದುಗರ ಪತ್ರ:

"ಮಾನ್ಯ ಸಂಪಾದಕರೇ, ಅಮೆರಿಕದ ಟೆಕ್ಸಾಸ್ ರಾಜ್ಯದ ಉವಾಲ್ಡೆ ಊರಿನ ಶಾಲೆಯಲ್ಲಿ ನಡೆದ ಗುಂಡಿನ ದಾಳಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆಯುತ್ತಾ ಅಲ್ಲಿನ ಪೊಲೀಸರನ್ನು 'ಹೇಡಿಗಳ ಹಿಂಡು' ಎಂದಿದ್ದೀರಿ. ನಾನು ಇಲಾಖೆಯಲ್ಲಿ 34 ವರ್ಷ ದುಡಿದು ಎಎಸ್‌ಐ ಆಗಿ ನಿವೃತ್ತನಾದವನು. ಎಸಿ ರೂಮಿನಲ್ಲಿ ಕೂತು ಬರೆಯುವುದು ಸುಲಭ. ಹದಿನೆಂಟು ತುಂಬಿದ ಹುಡುಗನಿಗೆ ಮಿಲಿಟರಿ ಮಾದರಿಯ ಬಂದೂಕು ಮಾರಲು ಬಿಟ್ಟ ಕಾನೂನನ್ನು ಬೈಯಿರಿ. ಪಾಪ, ಕಾನ್‌ಸ್ಟೇಬಲ್ ಏನು ಮಾಡಿಯಾನು? ಆರ್ಡರ್ ಇಲ್ಲದೆ ನುಗ್ಗಿದರೆ ಸಸ್ಪೆಂಡ್, ನುಗ್ಗದಿದ್ದರೆ ಹೇಡಿ. ಕೊಡಗಿನಲ್ಲಿ ನಾಲ್ಕು ವರ್ಷ ಇದ್ದೆ. ಮನೆಮನೆಯಲ್ಲಿ ಕೋವಿ ನೋಡಿದ್ದೇನೆ. ಅಲ್ಲಿ ಯಾರೂ ಶಾಲೆಗೆ ನುಗ್ಗಲಿಲ್ಲ. ಯಾಕೆಂದರೆ ಕಟ್ಟುಪಾಡು ಇದೆ. ಕೊನೆಯದಾಗಿ ಒಂದು ಪ್ರಶ್ನೆ: ನೀವು ಅಲ್ಲಿದ್ದರೆ ಒಳಗೆ ಹೋಗುತ್ತಿದ್ದಿರಾ? ಉತ್ತರಿಸದಿದ್ದರೆ ಚಂದಾ ನಿಲ್ಲಿಸುತ್ತೇನೆ."

ಹಾಸನ ಜಿಲ್ಲೆಯ ಓದುಗರು (ಹೆಸರು ಹಾಕಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ:

ಸರ್, ನಮ್ಮ ಕಚೇರಿಯಲ್ಲಿ ಎಸಿ ಇಲ್ಲ. ಫ್ಯಾನ್ ಇದೆ. ಅದೂ ಮೂರರ ಮೇಲೆ ತಿರುಗುವುದಿಲ್ಲ.

ಇನ್ನು 'ಹೇಡಿಗಳ ಹಿಂಡು' ಎಂದು ಬರೆದದ್ದು ನನ್ನ ತಪ್ಪು. ನಿಮ್ಮ ಪತ್ರ ಓದಿದ ಮೇಲೆ ಒಂದು ವಿಷಯ ಮತ್ತೆ ನೆನಪಿಗೆ ಬಂತು. ಆ ದಿನ ಒಳಗೆ ಗುಂಡೇಟು ತಿಂದು ಬಿದ್ದಿದ್ದ ಟೀಚರ್ ಒಬ್ಬರ ಗಂಡ ಪೊಲೀಸ್. ಆಕೆ ಅವನಿಗೆ ಫೋನ್ ಮಾಡಿ, ಗುಂಡು ಬಿದ್ದಿದೆ, ಸಾಯುತ್ತಿದ್ದೇನೆ ಎಂದಳು. ಅವನು ಕಾರಿಡಾರ್‌ನಲ್ಲಿ ಮುಂದೆ ಹೋಗಲು ನೋಡಿದ. ಅವನ ಜೊತೆಯವರೇ ಹಿಡಿದು, ಗನ್ ಕಿತ್ತುಕೊಂಡು, ಹೊರಗೆ ಕರೆದುಕೊಂಡು ಹೋದರು. ಆಕೆ ಉಳಿಯಲಿಲ್ಲ. ಇದನ್ನು ಟೆಕ್ಸಾಸ್ ರಾಜ್ಯ ಪೊಲೀಸ್ ಮುಖ್ಯಸ್ಥರೇ ಅಲ್ಲಿನ ಸೆನೆಟ್ ಎದುರು ಹೇಳಿದರು. ಆ ಗಂಡನನ್ನು ಹೇಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆ ಪದ ವಾಪಸ್ ತೆಗೆದುಕೊಂಡಿದ್ದೇನೆ.

ಸಿಟ್ಟನ್ನು ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ.

ಕಾನೂನಿನ ಬಗ್ಗೆ ನೀವು ಹೇಳಿದ್ದು ಸರಿ. ಆ ಹುಡುಗ ಹದಿನೆಂಟು ತುಂಬಿದ ಕೆಲವೇ ದಿನಗಳಲ್ಲಿ ಎರಡು ರೈಫಲ್ ಕೊಂಡ. ಎರಡೂ ಕಾನೂನುಬದ್ಧ. ಅದೇ ಹುಡುಗ ಟೆಕ್ಸಾಸ್‌ನ ಅಂಗಡಿಯಲ್ಲಿ ಬಿಯರ್ ಕೇಳಿದ್ದರೆ ಇಪ್ಪತ್ತೊಂದು ಆಗಲಿ ಬಾ ಎಂದು ಕಳಿಸುತ್ತಿದ್ದರು. ರೈಫಲ್ ಕೊಳ್ಳುವ ವಯಸ್ಸನ್ನೂ 21ಕ್ಕೆ ಏರಿಸಿ ಎಂದು ಮಕ್ಕಳನ್ನು ಕಳೆದುಕೊಂಡವರು ವಿಧಾನಸಭೆಗೆ ಅಲೆದರು. 2023ರ ಮೇನಲ್ಲಿ ಆ ಮಸೂದೆ ಒಂದು ಸಮಿತಿಯನ್ನು 8-5 ಮತದಿಂದ ದಾಟಿತು. ಅಲ್ಲಿಗೇ ನಿಂತಿತು. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಲೈಸೆನ್ಸಿಗೆ 21 ವರ್ಷ ಆಗಿರಬೇಕು. ಕೊಡವರಿಗೆ, ಜಮ್ಮಾ ಭೂಮಿ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಇರುವವರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇರುವುದು ನಿಜ. ಅದನ್ನು 2029ರವರೆಗೆ ವಿಸ್ತರಿಸಿದ್ದಾರೆ, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿಯಿತು. ಆದರೆ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಕೈ ಮುಗಿಯುವ ಮನೆಗೂ, ಕಾರ್ಡ್ ಉಜ್ಜಿ ರೈಫಲ್ ಒಯ್ಯುವ ಅಂಗಡಿಗೂ ಹೋಲಿಕೆ ಮಾಡಲಾಗದು. ಕಟ್ಟುಪಾಡಿನ ಮಾತು ನಿಮ್ಮದೇ, ಒಪ್ಪಿದೆ. ಕಾನೂನು ಬಿಗಿಯಾಗಿದ್ದರೆ ಆ 19 ಮಕ್ಕಳು, ಇಬ್ಬರು ಟೀಚರ್‌ಗಳು ಬದುಕಿರುತ್ತಿದ್ದರೋ ಏನೋ.

ಆಯಿತು. ಈಗ ನನ್ನ ಮಾತಿಗೆ ಬರುತ್ತೇನೆ. ದಯವಿಟ್ಟು ನಿಮ್ಮ ಇಲಾಖೆಯ ಟೋಪಿ ಸ್ವಲ್ಪ ಪಕ್ಕಕ್ಕಿಟ್ಟು ಓದಿ.

2022ರ ಮೇ 24. ಹುಡುಗ ಶಾಲೆಯೊಳಗೆ ಕಾಲಿಟ್ಟಾಗ ಬೆಳಿಗ್ಗೆ 11.33. ಮೂರೇ ನಿಮಿಷಕ್ಕೆ ಪೊಲೀಸರು ಒಳಗಿದ್ದರು. ಗಮನಿಸಿ, ಮೂರು ನಿಮಿಷ! ನಮ್ಮೂರಿನಲ್ಲಿ ಅಷ್ಟರಲ್ಲಿ ಜೀಪು ಸ್ಟಾರ್ಟ್ ಆಗಿರುವುದಿಲ್ಲ. ತರಗತಿಯ ಬಾಗಿಲ ಹತ್ತಿರ ಹೋದರು, ಒಳಗಿನಿಂದ ಗುಂಡು ಬಂತು, ಇಬ್ಬರಿಗೆ ತಗುಲಿಕೊಂಡು ಹೋಯಿತು. ಹಿಂದೆ ಸರಿದರು. ಇಲ್ಲಿಯವರೆಗೆ ನನ್ನ ತಕರಾರಿಲ್ಲ. ಗುಂಡು ಬಂದರೆ ಯಾರಾದರೂ ಹಿಂದೆ ಸರಿಯುತ್ತಾರೆ. ಆದರೆ ಅವನನ್ನು ಕೊಂದಾಗ ಗಂಟೆ 12.50. ನಡುವೆ 77 ನಿಮಿಷ. ಸೇರಿದ ಪೊಲೀಸರು 376. ಗಡಿ ಕಾವಲಿನವರು 149, ರಾಜ್ಯ ಪೊಲೀಸರು 91, ಊರಿನ ಪೊಲೀಸರು, ಷೆರೀಫನ ಕಡೆಯವರು, ಶಾಲೆಯದೇ ಪೊಲೀಸರು. ಕವಚ ಇತ್ತು, ಗುರಾಣಿ ಇತ್ತು, ರೈಫಲ್ ಇತ್ತು. ಒಬ್ಬ ಕಾರಿಡಾರ್‌ನಲ್ಲಿ ನಿಂತು ಗೋಡೆಯ ಸ್ಯಾನಿಟೈಜರ್‌ನಿಂದ ಕೈ ಉಜ್ಜಿಕೊಂಡದ್ದು ಕ್ಯಾಮೆರಾದಲ್ಲಿ ಸಿಕ್ಕಿದೆ. ಒಳಗಿನಿಂದ ಒಂದು ಮಗು ಪಿಸುಗುಟ್ಟುತ್ತಾ ಫೋನ್ ಮಾಡುತ್ತಲೇ ಇತ್ತು. ಪೊಲೀಸರನ್ನು ಕಳಿಸಿ ಎಂದು ಕೇಳುತ್ತಿತ್ತು. ಪೊಲೀಸರು ಗೋಡೆಯಾಚೆ ಇದ್ದರು.

ಯಾಕೆ ಕಾದರು? ಬೀಗದಕೈ ಬೇಕಂತೆ. ಶಾಲೆಯ ಪೊಲೀಸ್ ಮುಖ್ಯಸ್ಥರು ಗೊಂಚಲು ತರಿಸಿ ಒಂದೊಂದೇ ಬೀಗದಕೈ ಬೇರೆ ಬಾಗಿಲಿಗೆ ಹಾಕಿ ನೋಡುತ್ತಿದ್ದರು. ಆಮೇಲೆ ತನಿಖೆಗಳು ಹೇಳಿದ್ದೇನು ಗೊತ್ತಾ? ಆ ತರಗತಿಯ ಬಾಗಿಲಿಗೆ ಬಹುಶಃ ಬೀಗವೇ ಬಿದ್ದಿರಲಿಲ್ಲ. ಹಿಡಿಕೆ ತಿರುಗಿಸಿ ನೋಡಿದವರೇ ಇಲ್ಲ. 111ನೇ ಕೋಣೆಯ ಬೀಗ ಕೆಟ್ಟಿದೆ ಎಂದು ಶಾಲೆಯಲ್ಲಿ ಬಹಳ ಜನರಿಗೆ ಗೊತ್ತಿತ್ತು. ರಿಪೇರಿ ಮಾಡಿಸಿ ಎಂದು ಬರೆದು ಕೊಟ್ಟವರು ಮಾತ್ರ ಇರಲಿಲ್ಲ.

ಈ ಸಾಲು ಓದಿದಾಗ ನನಗೆ ಅಮೆರಿಕ ಪರದೇಶ ಅನಿಸಲೇ ಇಲ್ಲ.

ಒಂದು ಕತೆ ಹೇಳುತ್ತೇನೆ. ನಾನು ಪಿಯುಸಿಯಲ್ಲಿದ್ದಾಗಿನದು. ನಮ್ಮ ದೊಡ್ಡಪ್ಪನಿಗೆ ರಾತ್ರಿ ಹನ್ನೊಂದಕ್ಕೆ ಉಸಿರು ಕಟ್ಟಿತು. ಸಣ್ಣ ಊರಿನ ಆಸ್ಪತ್ರೆ. ಆಕ್ಸಿಜನ್ ಸಿಲಿಂಡರ್ ಸ್ಟೋರ್ ರೂಮಿನಲ್ಲಿದೆ, ಸ್ಟೋರ್ ರೂಮಿಗೆ ಬೀಗ, ಬೀಗದಕೈ ಯಾರದೋ ಜೇಬಿನಲ್ಲಿ, ಜೇಬು ಪಕ್ಕದೂರಿನ ಮದುವೆಮನೆಯಲ್ಲಿ. ನರ್ಸ್ ಇದ್ದರು, ಡ್ಯೂಟಿ ಡಾಕ್ಟರ್ ಇದ್ದರು. ಎಲ್ಲರೂ ಫೋನ್ ಸುತ್ತ ನಿಂತಿದ್ದರು. ಆಗ ವಾರ್ಡ್‌ಬಾಯ್ ಒಬ್ಬ ಹೊರಗೆ ಹೋಗಿ ಗುಂಡುಕಲ್ಲು ತಂದ. ನಾಲ್ಕು ಏಟಿಗೆ ಬೀಗ ಬಿತ್ತು. ದೊಡ್ಡಪ್ಪ ಅದಾದ ಮೇಲೆ ಹನ್ನೊಂದು ವರ್ಷ ಬದುಕಿದರು. ಆ ಹುಡುಗನಿಗೆ ಸರ್ಕಾರಿ ಸ್ವತ್ತು ಹಾಳು ಮಾಡಿದ್ದಕ್ಕೆ ಮೆಮೊ ಬಂತು, ಒಂದು ಇನ್‌ಕ್ರಿಮೆಂಟ್ ನಿಂತಿತು. ಆಮೇಲೆ ಅವನು ಸಿಕ್ಕಾಗಲೆಲ್ಲ ನಗುತ್ತಿದ್ದ. "ಇನ್ನೊಂದ್ಸಲ ಆದ್ರೆ ನಾನೂ ಫೋನ್ ಹತ್ರಾನೇ ನಿಂತ್ಕೋತೀನಿ ಬಿಡಿ" ಅನ್ನುತ್ತಿದ್ದ.

ಆರ್ಡರ್ ಇಲ್ಲದೆ ನುಗ್ಗಿದರೆ ಸಸ್ಪೆಂಡ್ ಎಂದು ನೀವು ಬರೆದದ್ದು ಅದನ್ನೇ ಅಲ್ವಾ? ಅದನ್ನು ನೀವು ಸಮರ್ಥನೆ ಎಂದುಕೊಂಡು ಬರೆದಿದ್ದೀರಿ. ನನಗೆ ಅದು ದೂರಿನ ಹಾಗೆ ಕೇಳಿಸಿತು.

ಅಲ್ಲದೆ ಉವಾಲ್ಡೆಯಲ್ಲಿ ಆರ್ಡರ್ ಬೇಕಿರಲೇ ಇಲ್ಲ. ಇದೇ ನನಗೆ ಹೆಚ್ಚು ಉರಿಯುವುದು. 1999ರ ಏಪ್ರಿಲ್ 20ರಂದು ಕೊಲಂಬೈನ್ ಶಾಲೆಯಲ್ಲಿ ಇಬ್ಬರು ಹುಡುಗರು ಗುಂಡು ಹಾರಿಸಿದಾಗ ಪೊಲೀಸರು ಹೊರಗೆ ಸುತ್ತುವರಿದು ಕಾದರು. ಆಗಿನ ನಿಯಮವೇ ಹಾಗಿತ್ತು. ವಿಶೇಷ ಪಡೆ ಬರಲಿ, ಆಮೇಲೆ ಒಳಗೆ. ಒಬ್ಬ ಮೇಷ್ಟ್ರು ಗಂಟೆಗಟ್ಟಲೆ ರಕ್ತ ಸುರಿಸುತ್ತಾ ಬಿದ್ದಿದ್ದರು. ಒಬ್ಬರು ರಕ್ತ ಹೋಗಿ ಸಾಯುತ್ತಿದ್ದಾರೆ ಎಂದು ಬೋರ್ಡಿನ ಮೇಲೆ ಬರೆದು ಕಿಟಕಿಗೆ ಹಿಡಿದರು. ಅವರು ತೀರಿಕೊಂಡರು. ಆ ಮೇಷ್ಟ್ರ ಸಾವಿನ ಬೆಲೆ ಕೊಟ್ಟು ಆ ದೇಶ ಒಂದು ಪಾಠ ಕಲಿಯಿತು. ಮಕ್ಕಳ ಮೇಲೆ ಗುಂಡು ಹಾರುತ್ತಿದ್ದರೆ ಮೊದಲು ಬಂದವರು, ಒಬ್ಬರೇ ಇದ್ದರೂ, ನೇರ ಒಳಗೆ ಹೋಗಬೇಕು. ಅಂದಿನಿಂದ ಅಲ್ಲಿನ ತರಬೇತಿ ಅದೇ. ಉವಾಲ್ಡೆಯ ಶಾಲಾ ಪೊಲೀಸರು ಆ ತರಬೇತಿಯನ್ನು ಘಟನೆಗೆ ಎರಡೇ ತಿಂಗಳ ಹಿಂದೆ ನಡೆಸಿದ್ದರು.

ಹಾಗಿದ್ದೂ ಕಾದರು. ಇದು ಗುಂಡು ಹಾರಿಸುತ್ತಿರುವವನ ಕೇಸಲ್ಲ, ಬಾಗಿಲು ಹಾಕಿಕೊಂಡು ಕೂತವನ ಕೇಸು ಎಂದು ಯಾರೋ ಅಂದುಕೊಂಡರು. ಉಳಿದವರು ಅದನ್ನೇ ನಂಬಿದರು. ಇಂಚಾರ್ಜ್ ಯಾರು ಎಂದು ಕೇಳಿದರೆ ಶಾಲೆಯ ಪೊಲೀಸ್ ಮುಖ್ಯಸ್ಥರು ನಾನಲ್ಲ ಎಂದರು. ರಾಜ್ಯ ಪೊಲೀಸ್ ಮುಖ್ಯಸ್ಥರು ಅವರೇ ಎಂದರು, ಮಕ್ಕಳ ಜೀವಕ್ಕಿಂತ ಅಧಿಕಾರಿಗಳ ಜೀವ ದೊಡ್ಡದು ಎಂದುಕೊಂಡರು ಎಂದು ಬಿರುಸಾಗಿ ಮಾತಾಡಿದರು. ಶಾಲೆಯ ಪೊಲೀಸರು ಅಲ್ಲಿ ಇದ್ದದ್ದು ಐದು ಜನ. ಇವರ ಕಡೆಯವರು 91. ತೊಂಬತ್ತೊಂದು ಜನರ ಧಣಿ ಐದು ಜನರ ಧಣಿಯ ಕಡೆ ಬೆರಳು ತೋರಿಸಿದ್ದು ನನಗಂತೂ ಮರೆಯುವುದಿಲ್ಲ.

ಮರುದಿನದ ಪ್ರೆಸ್‌ಮೀಟ್ ಕೇಳಬೇಕಿತ್ತು ನೀವು. ಗುಂಡಿನ ಸದ್ದಿನ ಕಡೆಗೇ ಓಡಿದ ಧೀರರು ಎಂದು ಗವರ್ನರ್ ಹೊಗಳಿದರು. ಎರಡು ದಿನಕ್ಕೆ, ನನಗೆ ತಪ್ಪು ಮಾಹಿತಿ ಕೊಟ್ಟರು ಎಂದು ಸಿಡಿದರು. ನಾನು ಎಳೆಯ ವಯಸ್ಸಿನಲ್ಲಿ ಕ್ರೈಮ್ ರಿಪೋರ್ಟರ್ ಆಗಿದ್ದೆ. ಪ್ರೆಸ್‌ನೋಟ್ ಬರುತ್ತಿತ್ತು, ಅದನ್ನೇ ತಿರುಗಿಸಿ ಬರೆದು ಟೀ ಕುಡಿಯಲು ಹೋಗುತ್ತಿದ್ದೆವು. ಠಾಣೆಯ ಹೊರಗೆ ಮರದ ಕೆಳಗೆ ಕೂತ ಹೆಂಗಸರನ್ನು ಮಾತಾಡಿಸುತ್ತಿರಲಿಲ್ಲ. ಉವಾಲ್ಡೆಯಲ್ಲಿ ನಿಜ ಹೊರಬಂದದ್ದು ಆ ಥರದವರಿಂದಲೇ. ಬೇಲಿಯಾಚೆ ನಿಂತು, ಒಳಗೆ ಹೋಗಿ ಎಂದು ಕಿರುಚಿದ ಅಪ್ಪ ಅಮ್ಮಂದಿರಿಂದ, ಅವರು ಮೊಬೈಲಿನಲ್ಲಿ ಹಿಡಿದ ವಿಡಿಯೋಗಳಿಂದ. ಅವರನ್ನು ತಡೆಯಲು, ತಳ್ಳಲು, ನೆಲಕ್ಕೆ ಒತ್ತಲು ಪೊಲೀಸರಿಗೆ ಯಾರ ಆರ್ಡರೂ ಬೇಕಾಗಲಿಲ್ಲ ನೋಡಿ.

ಅವರ ಸಿಟ್ಟು ಹೋಗಿ ಸೇರಿದ್ದೆಲ್ಲಿಗೆ? ವರದಿಗಳಿಗೆ. ಟೆಕ್ಸಾಸ್ ವಿಧಾನಸಭೆಯದು ಒಂದು. 2024ರ ಜನವರಿಯಲ್ಲಿ ಕೇಂದ್ರ ನ್ಯಾಯ ಇಲಾಖೆಯದು ಇನ್ನೊಂದು, ಸುಮಾರು 600 ಪುಟ. ಅದೇ ವರ್ಷ ಜೂನ್‌ನಲ್ಲಿ 376 ಜನರಲ್ಲಿ ಇಬ್ಬರ ಮೇಲೆ ಕ್ರಿಮಿನಲ್ ಕೇಸು. 2018ರಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸತ್ತಾಗ ಹೊರಗೇ ನಿಂತಿದ್ದ ಕಾವಲು ಪೊಲೀಸ್ 2023ರಲ್ಲಿ ಖುಲಾಸೆಯಾದ. ಇನ್ನೂ ಹಿಂದೆ ಹೋಗಿ. 1999ರಲ್ಲಿ ಕೊಲರಾಡೋದ ಕ್ಯಾಸಲ್ ರಾಕ್ ಎಂಬ ಊರು. ಹತ್ತಿರ ಬರಕೂಡದು ಎಂದು ಕೋರ್ಟ್ ಆದೇಶ ಇದ್ದ ಅಪ್ಪ ಮೂವರು ಹೆಣ್ಣುಮಕ್ಕಳನ್ನು ಎತ್ತಿಕೊಂಡು ಹೋದ. ತಾಯಿ ರಾತ್ರಿಯಿಡೀ ಠಾಣೆಗೆ ಫೋನ್ ಮಾಡಿದಳು, ಖುದ್ದಾಗಿಯೂ ಹೋದಳು. ಕಾದು ನೋಡಿ ಎಂದರು. ಬೆಳಗಿನ ಜಾವ ಮೂವರೂ ಹೆಣವಾಗಿ ಸಿಕ್ಕರು. 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7-2ರಲ್ಲಿ ಹೇಳಿತು: ಪೊಲೀಸರು ಆ ಆದೇಶ ಜಾರಿ ಮಾಡಲೇಬೇಕು ಎಂದು ಕೇಳುವ ಸಂವಿಧಾನದ ಹಕ್ಕು ಆಕೆಗಿಲ್ಲ. ಬಂದೂಕು ಇಟ್ಟುಕೊಳ್ಳುವ ಹಕ್ಕು ಸಂವಿಧಾನದಲ್ಲಿದೆ. ಕಾಪಾಡಿ ಎಂದು ಕೇಳುವ ಹಕ್ಕಿಲ್ಲ.

ಕಾನೂನನ್ನು ಬೈಯಿರಿ ಎಂದಿರಲ್ಲ, ನಾನು ಬೈಯುವ ಕಾನೂನು ಇದು.

ನೀವು ಇದಕ್ಕೆ ನ್ಯಾಶ್‌ವಿಲ್ ಎಂದು ಉತ್ತರ ಬರೆಯಬಹುದು. ಬರೆಯುವ ಮೊದಲೇ ಹೇಳಿಬಿಡುತ್ತೇನೆ. 2023ರ ಮಾರ್ಚ್ 27ರಂದು ಅಲ್ಲಿನ ಶಾಲೆಯೊಂದರಲ್ಲಿ ಪೊಲೀಸರು ಒಂದು ಕ್ಷಣ ನಿಲ್ಲದೆ ಒಳಗೆ ನುಗ್ಗಿದರು. ಮೊದಲ ಕರೆ ಬಂದ ಸುಮಾರು 14 ನಿಮಿಷಕ್ಕೆ ಎಲ್ಲ ಮುಗಿಯಿತು. ಆದರೂ ಅಷ್ಟರಲ್ಲಿ ಮೂರು ಮಕ್ಕಳು, ಮೂವರು ದೊಡ್ಡವರು ಸತ್ತಿದ್ದರು. ಧೈರ್ಯ ಇದ್ದರೂ ಬಂದೂಕು ಮುಂದೆ ಓಡುತ್ತದೆ, ಒಪ್ಪುತ್ತೇನೆ. ಆದರೆ ಆ ವಿಡಿಯೋ ನೋಡಿ, ಎಂಥ ಜನ! ಕೋಣೆಯಿಂದ ಕೋಣೆಗೆ ಓಡುತ್ತಾರೆ. ಇಂಚಾರ್ಜ್ ಯಾರು ಎಂಬ ಮಾತೇ ಇಲ್ಲ. ಉವಾಲ್ಡೆಯ ಪೊಲೀಸರಿಗೂ ಅದೇ ದೇಶ, ಅದೇ ಪಾಠ.

ನಮ್ಮಲ್ಲೂ ಅಂಥವರು ಇಲ್ಲವೆಂದಲ್ಲ. 2008ರ ನವೆಂಬರ್‌ನ ಆ ರಾತ್ರಿ ಮುಂಬೈಯ ಗಿರಗಾಂವ್ ಚೌಪಾಟಿಯಲ್ಲಿ ತುಕಾರಾಂ ಓಂಬಳೆ ಕೈಯಲ್ಲಿ ಬರೀ ಲಾಠಿ ಇತ್ತು. ಎಕೆ-47ರ ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಗುಂಡೆಲ್ಲ ಮೈಮೇಲೆ ತೆಗೆದುಕೊಂಡರು. ಅದರಿಂದಲೇ ಕಸಬ್ ಜೀವಂತ ಸಿಕ್ಕ. ಓಂಬಳೆಯವರ ದರ್ಜೆ ಏನು ಗೊತ್ತಲ್ಲ ಸರ್? ಎಎಸ್‌ಐ. ನಿಮ್ಮದೇ. ಅಶೋಕ ಚಕ್ರ ಬಂದದ್ದು ತೀರಿಕೊಂಡ ಮೇಲೆ. ಎಲ್ಲರೂ ಓಂಬಳೆ ಆಗಲಿ ಎಂದು ನಾನು ಕೇಳುತ್ತಿಲ್ಲ. ಕವಚ, ಗುರಾಣಿ, ರೈಫಲ್ ಎಲ್ಲ ಇದ್ದ 376 ಜನ ಒಂದು ಹಿಡಿಕೆ ತಿರುಗಿಸಿ ನೋಡಬಹುದಿತ್ತು ಎನ್ನುತ್ತಿದ್ದೇನೆ, ಅಷ್ಟೇ.

ಇನ್ನು ನಿಮ್ಮ ಪ್ರಶ್ನೆ. ನಾನು ಅಲ್ಲಿದ್ದರೆ ಒಳಗೆ ಹೋಗುತ್ತಿದ್ದೆನಾ? ಬಹುಶಃ ಇಲ್ಲ. ಹಾವು ಬಂತೆಂದರೆ ಮಂಚ ಹತ್ತುವ ಜಾತಿ ನನ್ನದು. ಅದಕ್ಕೇ ಸಬ್‌ಇನ್ಸ್‌ಪೆಕ್ಟರ್ ಪರೀಕ್ಷೆಯ ಅರ್ಜಿ ತಂದು, ತುಂಬದೆ, ಅದರ ಹಿಂದೆ ಕವಿತೆ ಬರೆದೆ. ಆದರೆ ಅಲ್ಲಿ ಒಬ್ಬ ತಾಯಿ ಹೋದಳು. ಕೆಲಸದ ಜಾಗದಿಂದ 40 ಮೈಲಿ ಕಾರು ಓಡಿಸಿಕೊಂಡು ಬಂದವಳು. ನನಗೆ ಕೈಕೋಳ ಹಾಕಿದ್ದರು ಎಂದು ಆಕೆ ಹೇಳಿದ್ದಾಳೆ, ನಾವು ಯಾರಿಗೂ ಹಾಕಿಲ್ಲ ಎಂದು ಅಧಿಕಾರಿಗಳು ಹೇಳಿದ್ದಾರೆ. ಅದೇನೇ ಇರಲಿ, ಬಿಡಿಸಿಕೊಂಡವಳೇ ಬೇಲಿ ಹಾರಿ ಶಾಲೆಯೊಳಗೆ ಓಡಿ ತನ್ನ ಇಬ್ಬರು ಗಂಡುಮಕ್ಕಳನ್ನು ಹೊರಗೆ ಕರೆತಂದಳು. ಆಕೆಯ ಹತ್ತಿರ ಕವಚವೂ ಇರಲಿಲ್ಲ, ತರಬೇತಿಯೂ ಇರಲಿಲ್ಲ.

ಚಂದಾ ವಿಷಯ ನಿಮಗೆ ಬಿಟ್ಟದ್ದು. ಮಾರ್ಚ್‌ವರೆಗೆ ಇದೆಯಂತೆ, ವಿಭಾಗದವರನ್ನು ಕೇಳಿದೆ. ಆದರೆ 34 ವರ್ಷದಲ್ಲಿ ಒಂದಲ್ಲ ಒಂದು ದಿನ ನೀವೂ ಆರ್ಡರ್‌ಗೆ ಕಾಯದೆ ಏನೋ ಮಾಡಿರುತ್ತೀರಿ, ಅದಕ್ಕೆ ಮೆಮೊ ತಿಂದಿರುತ್ತೀರಿ. ನಿಮ್ಮ ಕೈಬರಹ ನೋಡಿದರೇ ಗೊತ್ತಾಗುತ್ತದೆ. ಅದನ್ನು ಬರೆದು ಕಳಿಸಿ. ಎರಡು ಪುಟ ಖಾಲಿ ಇಟ್ಟಿರುತ್ತೇನೆ. ಹೆಸರು ಹಾಕುವುದಿಲ್ಲ.